ಕ್ಯಾಲ್ಕ್ಯುಲೇಟರ್ ಕಟ್ಟಲು ಯಾವ ಮೈಕ್ರೋಕಂಟ್ರೋಲರ್? ಕರಾವಳಿಯ ಹವೆಗೂ ಅಡಿಕೆ ಲೆಕ್ಕಕ್ಕೂ ಒಗ್ಗುವ ಆಯ್ಕೆ

ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರ್, ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಮೆಗಾಹರ್ಟ್ಸ್, ಅಂದರೆ ಅದರ ವೇಗ. ಕ್ಯಾಲ್ಕ್ಯುಲೇಟರ್ ಮಟ್ಟಿಗೆ ಅದನ್ನು ಕೊನೆಗೆ ನೋಡಿದರೆ ಸಾಕು. 8 ಮೆಗಾಹರ್ಟ್ಸ್‌ನಲ್ಲಿ ಓಡುವ, ಎವಿಆರ್ ಕುಲದ ಎಟಿಮೆಗಾ328ಪಿ ಎಂಬ ಚಿಪ್ ಒಂದು ಸೈನ್ ಲೆಕ್ಕವನ್ನು ಒಂದು ಮಿಲಿಸೆಕೆಂಡಿನೊಳಗೆ ಮುಗಿಸುತ್ತದೆ. ಕೀ ಒತ್ತಿದ ಬೆರಳು ಮೇಲೇಳಲು ಅದಕ್ಕಿಂತ ಹತ್ತಾರು ಪಟ್ಟು ಹೊತ್ತು ಬೇಕು. ಇನ್ನೊಂದು ಮಾತು: ಕ್ಯಾಲ್ಕ್ಯುಲೇಟರ್ ದಿನದ ಬಹುಪಾಲು ಏನೂ ಮಾಡದೆ ಬಿದ್ದಿರುತ್ತದೆ. ಹಾಗೆ ಬಿದ್ದಿರುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದೇ ಸೆಲ್ ಎಷ್ಟು ದಿನ ಬರುತ್ತದೆಂದು ತೀರ್ಮಾನಿಸುತ್ತದೆ.

ಆದ್ದರಿಂದ ಮೊದಲು ಡಿಸ್‌ಪ್ಲೇ, ಆಮೇಲೆ ಸೆಲ್, ಆಮೇಲೆ ಕೀಗಳು, ಆಮೇಲೆ ಎಷ್ಟು ಅಂಕೆಯವರೆಗೆ ಲೆಕ್ಕ ತಪ್ಪಬಾರದು ಎಂಬುದು. ಈ ನಾಲ್ಕೂ ಕಾಗದದ ಮೇಲೆ ಬಂದ ಹೊತ್ತಿಗೆ ಚಿಪ್‌ಗಳ ಪಟ್ಟಿಯಲ್ಲಿ ಎರಡೋ ಮೂರೋ ಉಳಿದಿರುತ್ತವೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟ ಹತ್ತಿದರೆ ಶಿರಸಿ ಯಲ್ಲಾಪುರದಲ್ಲಿ, ಇದರ ಜೊತೆ ಮಳೆಗಾಲವನ್ನೂ ಸೇರಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿ ಬೆಂಗಳೂರಿನ ಮೇಜಿನ ಮೇಲೆ ಚೆನ್ನಾಗಿ ನಡೆದ ಸರ್ಕ್ಯೂಟನ್ನೂ ಕೆಡಿಸಬಲ್ಲದು.

ಡಿಸ್‌ಪ್ಲೇ ಮೊದಲು

ಓಎಲ್‌ಇಡಿ ನೋಡಲು ಚೆಂದ, ಹೊಂದಿಸಲೂ ಸುಲಭ. ಆದರೆ ಅಕ್ಷರ ಬೆಳಗುತ್ತಿರುವಷ್ಟು ಹೊತ್ತೂ ಸುಮಾರು 10ರಿಂದ 20 ಮಿಲಿಆಂಪಿಯರ್ ತಿನ್ನುತ್ತದೆ. ಮೀನು ಮಾರುಕಟ್ಟೆಯ ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ. ಒಂದೇ ಜಾಗದಲ್ಲಿ ಸೊನ್ನೆ ನಿಂತು ನಿಂತು ಅಲ್ಲಿನ ಚುಕ್ಕೆಗಳು ಮಂಕಾಗುತ್ತವೆ. ಎಸ್‌ಎಸ್‌ಡಿ1306 ಚಿಪ್ಪಿನ 128×64 ಓಎಲ್‌ಇಡಿಗೆ ಇಡೀ ಪರದೆಯ ಬಫರ್, ಅಂದರೆ ಚಿತ್ರದ ನಕಲು, ಇಟ್ಟುಕೊಂಡರೆ 1024 ಬೈಟ್ ರ‍್ಯಾಮ್ ಹೋಗುತ್ತದೆ. ಎಟಿಮೆಗಾ328ಪಿಯಲ್ಲಿ ಇರುವುದೇ 2048 ಬೈಟ್. ಅರ್ಧ ಆಸ್ತಿ ಪರದೆಗೇ ಬರೆದುಕೊಟ್ಟ ಹಾಗಾಯಿತು.

ನೋಕಿಯಾ 5110 ಎಂದು ಮಾರುವ 84×48 ಎಲ್‌ಸಿಡಿ ಮಾಡ್ಯೂಲ್ ಹಳೆಯದಾದರೂ ಈ ಕೆಲಸಕ್ಕೆ ಒಗ್ಗುತ್ತದೆ. ಬಫರ್ 504 ಬೈಟ್, ಹಿಂಬೆಳಕು ಆರಿಸಿದರೆ ಕರೆಂಟ್ ಒಂದು ಮಿಲಿಆಂಪಿಯರಿಗೂ ಕಡಿಮೆ, ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. 6×8 ಅಕ್ಷರದಲ್ಲಿ ಸಾಲಿಗೆ 14 ಅಕ್ಷರ, ಒಟ್ಟು 6 ಸಾಲು. ಇದರ ದೋಷ ಒಂದೇ: ಗಾಜನ್ನು ಬೋರ್ಡಿಗೆ ಜೋಡಿಸುವ ರಬ್ಬರ್ ಪಟ್ಟಿ ಸಡಿಲಾದರೆ ಸಾಲುಗಳು ಮಾಯವಾಗುತ್ತವೆ. ಲೋಹದ ಚೌಕಟ್ಟಿನ ಕೊಕ್ಕೆಗಳನ್ನು ಇಕ್ಕಳದಿಂದ ಬಿಗಿ ಮಾಡಿ, ಪಟ್ಟಿ ಕೂರುವ ಜಾಗವನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿದರೆ ಬಹಳ ಸಲ ಸರಿಹೋಗುತ್ತದೆ. ಇದಕ್ಕೆ ಕೊಡಬೇಕಾದದ್ದು 2.7ರಿಂದ 3.3 ವೋಲ್ಟ್. 5 ವೋಲ್ಟಿನ ಆರ್ಡುಯಿನೋ ಊನೋ ಬೋರ್ಡಿನ ಪಿನ್‌ಗೆ ನೇರ ಕಟ್ಟಬೇಡಿ.

16×2 ಅಕ್ಷರಗಳ ಹಸಿರು ಎಲ್‌ಸಿಡಿ ಎಲ್ಲರ ಬಳಿಯೂ ಇರುತ್ತದೆ. ಮಾಮೂಲಿ ಮಾದರಿಗೆ 5 ವೋಲ್ಟ್ ಬೇಕು, 3 ವೋಲ್ಟ್ ಕೊಟ್ಟರೆ ಅಕ್ಷರ ಮೂಡುವುದೇ ಇಲ್ಲ. ಚಿಪ್ ಕೆಟ್ಟಿತೆಂದು ಬದಲಾಯಿಸುವ ಮುನ್ನ ಇದನ್ನು ನೋಡಿ. ಕನ್ನಡ ಅಂಕೆ ತೋರಿಸುವ ಆಸೆ ಇದ್ದರೆ ಈ ಎಲ್‌ಸಿಡಿಯ ಕಡೆ ಹೋಗಲೇಬೇಡಿ. ಎಚ್‌ಡಿ44780 ಚಿಪ್ಪಿನಲ್ಲಿ ನಮ್ಮದೇ ಅಕ್ಷರ ಕೂರಿಸಲು ಇರುವುದು ಎಂಟು ಜಾಗ, ಕನ್ನಡ ಅಂಕೆ ಹತ್ತು. ೦ ಬದಲು ಇಂಗ್ಲಿಷಿನ ಓ ಅಕ್ಷರ ಹಾಕಿ ಜಾಣತನ ಮಾಡಿದರೂ ಒಂದು ಅಂಕೆ ಹೊರಗೇ ಉಳಿಯುತ್ತದೆ. ಮೇಲಾಗಿ 5×8 ಚುಕ್ಕೆಯಲ್ಲಿ ೨ ಯಾವುದು, ೩ ಯಾವುದು, ೬ ಯಾವುದು, ೭ ಯಾವುದು ಎಂದು ಗುರುತಿಸಲು ಕಷ್ಟ. ಕನ್ನಡ ಅಂಕೆಗೆ 10×16 ಚುಕ್ಕೆಯಾದರೂ ಬೇಕು. ಅಂಕೆಗೆ 20 ಬೈಟ್‌ನಂತೆ ಹತ್ತಕ್ಕೆ 200 ಬೈಟ್ ಫ್ಲ್ಯಾಶ್ (ಪ್ರೋಗ್ರಾಂ ಕೂರುವ, ಕರೆಂಟ್ ಹೋದರೂ ಅಳಿಯದ ಮೆಮೊರಿ), ಅದೇನೂ ಹೊರೆಯಲ್ಲ. ಆದರೆ 84 ಚುಕ್ಕೆ ಅಗಲದಲ್ಲಿ ಎಂಟೇ ಅಂಕೆ ಹಿಡಿಯುತ್ತದೆ, ಅಲ್ಪವಿರಾಮ ಮತ್ತು ದಶಮಾಂಶ ಬಿಂದುವಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಕನ್ನಡ ಅಂಕೆಗೆ 128×64 ಎಲ್‌ಸಿಡಿ ಹಿಡಿಯಿರಿ. ಪರದೆಗೆ ಚಿತ್ರಿಸುವ ಸಿದ್ಧ ಕೋಡ್ ಆದ ಯು8ಜಿ2 ಲೈಬ್ರರಿಯನ್ನು ಪುಟ ಪುಟವಾಗಿ ಚಿತ್ರಿಸುವ ವಿಧಾನದಲ್ಲಿ ಬಳಸಿದರೆ 1024ರ ಬದಲು 128 ಬೈಟ್ ಬಫರ್ ಸಾಕು.

ಎಚ್‌ಟಿ1621 ಚಿಪ್ಪಿನ ಆರಂಕಿ ಎಲ್‌ಸಿಡಿ ಮಾಡ್ಯೂಲ್ ಕರೆಂಟಿನಲ್ಲಿ ಬಹಳ ಮಿತ, ಆದರೆ 1,67,911.47 ಎಂಬ ಮೊತ್ತ ಅದರಲ್ಲಿ ಹಿಡಿಸುವುದಿಲ್ಲ. ಮ್ಯಾಕ್ಸ್7219 ಚಿಪ್ಪಿನ ಎಂಟಂಕಿಯ ಕೆಂಪು ಎಲ್‌ಇಡಿ ಮಾಡ್ಯೂಲ್ ಗಲ್ಲಾ ಪೆಟ್ಟಿಗೆಯ ಮೇಲೆ ಅಡಾಪ್ಟರ್‌ಗೆ ಸಿಕ್ಕಿಸಿ ಇಡುವುದಕ್ಕೆ ಸರಿ. ಎಲ್ಲ ಗೆರೆಗಳೂ ಬೆಳಗಿದಾಗ ನೂರು ಮಿಲಿಆಂಪಿಯರ್ ದಾಟಬಹುದು, ಹಾಗಾಗಿ ಸೆಲ್ಲಿಗೆ ಅಲ್ಲ. ಅದಕ್ಕೆ 5 ವೋಲ್ಟ್ ಕೊಟ್ಟಾಗ ಸಿಗ್ನಲ್ ಕನಿಷ್ಠ 3.5 ವೋಲ್ಟ್ ಇರಬೇಕೆಂದು ಕಂಪನಿಯ ವಿವರಪತ್ರ, ಅಂದರೆ ಡೇಟಾಶೀಟ್, ಹೇಳುತ್ತದೆ. 3.3 ವೋಲ್ಟಿನ ಚಿಪ್ಪಿನಿಂದ ನೇರ ಕಟ್ಟಿದರೆ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಹುಚ್ಚುಹುಚ್ಚಾಗಿ ಅಂಕೆ ತೋರಿಸುತ್ತದೆ.

ಹಳೆಯ ಕ್ಯಾಲ್ಕ್ಯುಲೇಟರ್‌ನಂಥ ಬರಿ ಗಾಜಿನ ಎಲ್‌ಸಿಡಿ ಬಳಸುವ ಉಮೇದು ಇದ್ದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಆ ಗಾಜಿಗೆ ಎರಡೂ ದಿಕ್ಕಿನಲ್ಲಿ ಬದಲಾಗುವ ವೋಲ್ಟೇಜ್ ಬೇಕು. ಒಂದೇ ದಿಕ್ಕಿನ ವೋಲ್ಟೇಜ್ ನಿಂತರೆ ಗಾಜು ಹಾಳಾಗುತ್ತದೆ. ಈ ಕೆಲಸ ಮಾಡುವ ಎಲ್‌ಸಿಡಿ ಡ್ರೈವರ್ ಚಿಪ್ಪಿನೊಳಗೇ ಇರಬೇಕು. ಎಂಎಸ್‌ಪಿ430ಎಫ್‌ಆರ್4133 ಇಂಥದ್ದು. ಗಡಿಯಾರವೂ ಎಲ್‌ಸಿಡಿಯೂ ಚಾಲೂ ಇದ್ದು ಉಳಿದದ್ದೆಲ್ಲ ಮಲಗಿದ್ದಾಗ ಅದು ಸುಮಾರು 1 ಮೈಕ್ರೋಆಂಪಿಯರ್ ಮಾತ್ರ ಎಳೆಯುತ್ತದೆ. ಇದರ ಲಾಂಚ್‌ಪ್ಯಾಡ್ ಬೋರ್ಡಿನ ಮೇಲೆ ಗಾಜು ಕೂಡ ಕೂತೇ ಬರುತ್ತದೆ. ಎಸ್‌ಟಿಎಂ32 ಸಾಲಿನಲ್ಲಿ ಎಲ್476 ಮತ್ತು ಎಲ್433ರಲ್ಲಿ ಡ್ರೈವರ್ ಇದೆ, ಎಲ್475 ಮತ್ತು ಎಲ್432ರಲ್ಲಿ ಇಲ್ಲ. ಆರ್ಡರ್ ಮಾಡುವಾಗ ಕೊನೆಯ ಅಂಕೆ ಎರಡು ಸಲ ಓದಿ.

ಸೆಲ್ ಮತ್ತು ನಿದ್ದೆಯ ಕರೆಂಟ್

ಸಿಆರ್2032 ಬಟನ್ ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆ ಇರುತ್ತದೆ. ರಿಮೋಟಿಗೆ ಹಾಕುವ ಎಎಎ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 1000. ಭಾಗಾಕಾರ ಮಾಡಿ ನೋಡಿ. ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಎಳೆದರೆ ಬಟನ್ ಸೆಲ್ 22,000 ಗಂಟೆ, ಅಂದರೆ ಎರಡೂವರೆ ವರ್ಷ. 1 ಮಿಲಿಆಂಪಿಯರ್ ಎಳೆದರೆ 220 ಗಂಟೆ, ಒಂಬತ್ತು ದಿನ.

ಈಗ ಬೋರ್ಡುಗಳನ್ನು ಈ ತಕ್ಕಡಿಗೆ ಹಾಕಿ. ಆರ್ಡುಯಿನೋ ನ್ಯಾನೋ ಬೋರ್ಡ್ ಇದ್ದ ಹಾಗೇ ಬಳಸಿದರೆ ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್, ರೆಗ್ಯುಲೇಟರ್ (ವೋಲ್ಟೇಜ್ ಹದ ಮಾಡುವ ಭಾಗ) ಎಲ್ಲ ಸೇರಿ 20 ಮಿಲಿಆಂಪಿಯರ್ ಆಸುಪಾಸು. ಎಎಎ ಸೆಲ್ ಎರಡು ದಿನದಲ್ಲಿ ಖಾಲಿ. ಅದರ ಮೇಲಿನ ಅದೇ ಎಟಿಮೆಗಾ328ಪಿ ಚಿಪ್ಪನ್ನು 28 ಕಾಲಿನ ಡಿಪ್ (ಎರಡು ಬದಿಗೂ ಕಾಲಿರುವ, ಸಾಕೆಟ್ಟಿನಲ್ಲಿ ಕೂರುವ) ರೂಪದಲ್ಲಿ ಒಂಟಿಯಾಗಿ ಬಳಸಿ, ಪವರ್-ಡೌನ್ ನಿದ್ದೆಗೆ ಕಳಿಸಿ, ವಾಚ್‌ಡಾಗ್ (ಕಾವಲು ಟೈಮರ್), ಎಡಿಸಿ (ವೋಲ್ಟೇಜ್ ಅಳೆಯುವ ಭಾಗ), ಬ್ರೌನ್-ಔಟ್ (ವೋಲ್ಟೇಜ್ ಕುಸಿದರೆ ಚಿಪ್ಪನ್ನು ನಿಲ್ಲಿಸುವ ಭಾಗ) ಮೂರನ್ನೂ ನಿಲ್ಲಿಸಿದರೆ ಒಂದು ಮೈಕ್ರೋಆಂಪಿಯರಿಗೂ ಕೆಳಗೆ ಬರುತ್ತದೆ. ಚಿಪ್ ಒಂದೇ, ವ್ಯತ್ಯಾಸ ಸಾವಿರಾರು ಪಟ್ಟು. ಹೆಸರಿನ ಕೊನೆಯ ಪಿ ಅಕ್ಷರಕ್ಕೂ ಬೆಲೆ ಇದೆ. ಪಿ ಇಲ್ಲದ ಎಟಿಮೆಗಾ328ರಲ್ಲಿ ನಿದ್ದೆಯ ಹೊತ್ತಿಗೆ ಬ್ರೌನ್-ಔಟ್ ಮಾತ್ರ ನಿಲ್ಲಿಸುವ ಸೌಲಭ್ಯ ಇಲ್ಲ, ಅದರ ಗುರುತಿನ ಸಂಖ್ಯೆಯೂ ಬೇರೆ. ಪ್ರೋಗ್ರಾಂ ಹಾಕುವಾಗ ಗುರುತು ಹೊಂದುತ್ತಿಲ್ಲ ಎಂದು ಕಂಪ್ಯೂಟರ್ ಗೊಣಗಿದರೆ ಮೊದಲು ಚಿಪ್ಪಿನ ಬೆನ್ನು ಓದಿ.

ರಾಸ್‌ಬೆರಿ ಪೈ ಪಿಕೋ 2021ರಲ್ಲಿ 4 ಡಾಲರಿಗೆ ಬಂದಾಗಿನಿಂದ ಎಲ್ಲರ ಕೈಯಲ್ಲಿದೆ. ಅದರ ಆರ್‌ಪಿ2040 ಚಿಪ್ಪಿನಲ್ಲಿ 264 ಕಿಲೋಬೈಟ್ ರ‍್ಯಾಮ್, ಬೋರ್ಡಿನಲ್ಲಿ 2 ಮೆಗಾಬೈಟ್ ಫ್ಲ್ಯಾಶ್. ಮೈಕ್ರೋಪೈಥಾನ್‌ನಲ್ಲಿ ಬರೆದರೆ ಸಂಜೆಯೊಳಗೆ ಲೆಕ್ಕ ಮಾಡತೊಡಗುತ್ತದೆ. ಬೋರ್ಡಿನ ರೆಗ್ಯುಲೇಟರ್ 1.8ರಿಂದ 5.5 ವೋಲ್ಟ್‌ವರೆಗೆ ಒಪ್ಪುತ್ತದೆ, ಹಾಗಾಗಿ ಎರಡು ಸೆಲ್ ನೇರ ಕೊಡಬಹುದು. ಆದರೆ ಅತಿ ಗಾಢ ನಿದ್ದೆಯಲ್ಲೂ ಇಡೀ ಬೋರ್ಡ್ ಸುಮಾರು 0.8 ಮಿಲಿಆಂಪಿಯರ್ ಎಳೆಯುತ್ತಿರುತ್ತದೆ. ಎರಡು ಎಎಎ ಸೆಲ್ ಒಂದು ಕೀಯನ್ನೂ ಒತ್ತದೆ ಐವತ್ತು ದಿನದಲ್ಲಿ ಮುಗಿಯುತ್ತದೆ. ಪಿಕೋ ಬೇಕೆಂದರೆ ಗಟ್ಟಿ ಸ್ಲೈಡ್ ಸ್ವಿಚ್ ಹಾಕಿ ಸೆಲ್ಲನ್ನೇ ಕತ್ತರಿಸಿ. ಮೆಮೊರಿಯಲ್ಲಿದ್ದ ಅಂಕೆ ಉಳಿಯಬೇಕಾದರೆ ಆರಿಸುವ ಮೊದಲು ಫ್ಲ್ಯಾಶ್‌ಗೆ ಬರೆಯಿರಿ. ಈ ಚಿಪ್ಪಿಗೆ ಇಇಪ್ರಾಮ್ (ಒಂದೊಂದೇ ಬೈಟ್ ಬರೆದಿಡಬಲ್ಲ ಮೆಮೊರಿ) ಇಲ್ಲ, ಫ್ಲ್ಯಾಶ್ ಅಳಿಸುವುದು 4 ಕಿಲೋಬೈಟ್ ತುಂಡುಗಳಲ್ಲಿ.

ಇಎಸ್‌ಪಿ32ನ್ನು ಕ್ಯಾಲ್ಕ್ಯುಲೇಟರಿಗೆ ಹಾಕುವವರಿದ್ದಾರೆ. ವೈಫೈ ಬೇಡದ ವಸ್ತುವಿಗೆ ವೈಫೈ ಚಿಪ್ ಯಾಕೆ ಎಂಬುದು ಒಂದಾದರೆ, ಪಿನ್‌ಗಳ ತಕರಾರು ಇನ್ನೊಂದು. ಮೂಲ ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್‌ಗಳು ಒಳಬರುವ ಸಿಗ್ನಲ್ಲಿಗೆ ಮಾತ್ರ, ಅವಕ್ಕೆ ಒಳಗಿನ ಪುಲ್-ಅಪ್ (ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಇಲ್ಲ. 6ರಿಂದ 11 ಫ್ಲ್ಯಾಶ್‌ಗೆ ಮೀಸಲು. ಚಾಲೂ ಆಗುವ ಕ್ಷಣದಲ್ಲಿ 12ನೇ ಪಿನ್ನಿನ ವೋಲ್ಟೇಜ್ ಮೇಲಿದ್ದರೆ ಫ್ಲ್ಯಾಶ್‌ಗೆ ತಪ್ಪು ವೋಲ್ಟೇಜ್ ಹೋಗಿ ಬೋರ್ಡ್ ಏಳುವುದೇ ಇಲ್ಲ. ಕೀ ಮ್ಯಾಟ್ರಿಕ್ಸ್ (ಪಿನ್ ಉಳಿಸಲು ಕೀಗಳನ್ನು ಅಡ್ಡ-ಉದ್ದ ಸಾಲುಗಳ ಜಾಲವಾಗಿ ಜೋಡಿಸುವ ಕ್ರಮ) ಕಟ್ಟುವವರಿಗೆ ಇದು ಬೇಡದ ತಲೆನೋವು.

ಸೆಲ್ ಎಲ್ಲಿಯವರೆಗೆ ಇಳಿಯಬಹುದು ಎಂಬುದನ್ನೂ ನೋಡಿಕೊಳ್ಳಿ. ಆಲ್ಕಲೈನ್ ಸೆಲ್ 1.2 ವೋಲ್ಟಿಗೆ ಬಂದಾಗಲೂ ಅದರಲ್ಲಿ ದಂಡಿಯಾಗಿ ಶಕ್ತಿ ಉಳಿದಿರುತ್ತದೆ, ಎರಡು ಸೇರಿದರೆ 2.4 ವೋಲ್ಟ್. ಎಟಿಮೆಗಾ328ಪಿ 4 ಮೆಗಾಹರ್ಟ್ಸ್‌ನಲ್ಲಿ 1.8 ವೋಲ್ಟ್‌ವರೆಗೆ ನಡೆಯುತ್ತದೆ, 10 ಮೆಗಾಹರ್ಟ್ಸ್‌ಗೆ 2.7 ಬೇಕು, 20ಕ್ಕೆ 4.5. ಬಹಳ ಅಗ್ಗದ ಸಿಎಚ್32ವಿ003 ಕೆಳಗೆ 2.7 ವೋಲ್ಟಿಗೇ ಕೈಚೆಲ್ಲುತ್ತದೆ. ಅದರಲ್ಲಿ ಗುಣಾಕಾರದ ಹಾರ್ಡ್‌ವೇರ್ ಕೂಡ ಇಲ್ಲ, ಸಾಫ್ಟ್‌ವೇರಿನಲ್ಲೇ ಗುಣಿಸಬೇಕು. ಗುಣಾಕಾರ ಇಲ್ಲದ್ದು ಕೊರತೆಯೇನಲ್ಲ, ಅರ್ಧ ಸೆಲ್ ಎಸೆಯಬೇಕಾಗುವುದು ಕೊರತೆ. ನೋಕಿಯಾ ಎಲ್‌ಸಿಡಿಯೂ ಕಾಗದದ ಮೇಲೆ 2.7 ವೋಲ್ಟಿನದೇ. ಚಿಪ್ ನಿಲ್ಲುವ ಮುಂಚೆ ಅದು ಮಂಕಾಗುತ್ತದೆ, ಅದನ್ನೇ ಸೆಲ್ ಬದಲಿಸುವ ಸೂಚನೆ ಎಂದುಕೊಳ್ಳಬಹುದು.

ನಿದ್ದೆಯ ಕರೆಂಟ್ ಅಳೆಯುವಲ್ಲಿ ಒಂದು ಬಲೆ ಇದೆ. ಮಲ್ಟಿಮೀಟರನ್ನು ಮೈಕ್ರೋಆಂಪಿಯರ್ ಸ್ಥಾನದಲ್ಲಿಟ್ಟು ಸೆಲ್ಲಿನ ಸಾಲಿಗೆ ಸೇರಿಸಿದರೆ ಚಿಪ್ ಎದ್ದ ಕೂಡಲೇ ಮೀಟರಿನೊಳಗಿನ ರೆಸಿಸ್ಟರ್ ವೋಲ್ಟೇಜನ್ನು ಕುಸಿಸುತ್ತದೆ, ಚಿಪ್ ಮತ್ತೆ ಮತ್ತೆ ರಿಸೆಟ್ ಆಗುತ್ತದೆ. ಮೀಟರಿನ ಎರಡೂ ತುದಿಗೆ ಒಂದು ವೈರ್ ಅಡ್ಡ ಹಾಕಿ ಚಾಲೂ ಮಾಡಿ, ನಿದ್ದೆಗೆ ಹೋದ ಮೇಲೆ ವೈರ್ ತೆಗೆದು ಓದಿ. ಮೀಟರಿಗೆ ಆ ಸ್ಥಾನವೇ ಇಲ್ಲದಿದ್ದರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 3 ವೋಲ್ಟಿಗೆ ತುಂಬಿ ಅದರ ಮೇಲೆ ಸರ್ಕ್ಯೂಟ್ ನಡೆಸಿ. 100 ಸೆಕೆಂಡಿಗೆ ಅರ್ಧ ವೋಲ್ಟ್ ಇಳಿದರೆ 5 ಮೈಕ್ರೋಆಂಪಿಯರ್. ಮೊದಲು ಸರ್ಕ್ಯೂಟ್ ಇಲ್ಲದೆ ಬರಿ ಕೆಪಾಸಿಟರ್ ಎಷ್ಟು ಸೋರುತ್ತದೆ ಎಂದು ನೋಡಿ ಆ ಲೆಕ್ಕ ಕಳೆಯಿರಿ. ಎಸ್‌ಟಿಎಂ32ರ ನ್ಯೂಕ್ಲಿಯೋ-64 ಬೋರ್ಡುಗಳಲ್ಲಿ ಚಿಪ್ಪಿನ ಕರೆಂಟ್ ಮಾತ್ರ ಅಳೆಯಲು ಜೆಪಿ6 ಎಂಬ ಜಂಪರ್ ಬಿಟ್ಟಿರುತ್ತಾರೆ.

ನಿರೀಕ್ಷೆಗಿಂತ ಹೆಚ್ಚು ಕಂಡರೆ ಮೊದಲ ಅನುಮಾನ ಎಲ್ಲಿಗೂ ಕಟ್ಟದೆ ಬಿಟ್ಟ ಪಿನ್‌ಗಳ ಮೇಲಿರಲಿ. ತೇಲುತ್ತಿರುವ ಇನ್‌ಪುಟ್ ಪಿನ್ ಮೇಲೂ ಇಲ್ಲ ಕೆಳಗೂ ಇಲ್ಲ ಎಂಬ ಸ್ಥಿತಿಯಲ್ಲಿ ಕರೆಂಟ್ ತಿನ್ನುತ್ತದೆ. ಬಳಸದ ಪಿನ್‌ಗಳಿಗೆಲ್ಲ ಒಳ ಪುಲ್-ಅಪ್ ಹಾಕಿ.

ಕೀಗಳು, ಉಪ್ಪುಗಾಳಿ, ಪಿನ್ ಲೆಕ್ಕ

ಅಡ್ಡ 5, ಉದ್ದ 7 ಸಾಲಿನ ಮ್ಯಾಟ್ರಿಕ್ಸ್‌ನಲ್ಲಿ 35 ಕೀ, 12 ಪಿನ್. ನೋಕಿಯಾ ಎಲ್‌ಸಿಡಿಗೆ 5. ಒಟ್ಟು 17. ಎಟಿಮೆಗಾ328ಪಿಯಲ್ಲಿ 23 ಪಿನ್ ಎಂದು ಬರೆದಿದ್ದರೂ ರಿಸೆಟ್ ಬಿಟ್ಟರೆ 22, ಹೊರಗಿನ ಕ್ರಿಸ್ಟಲ್ (ಚಿಪ್ಪಿನ ಓಟಕ್ಕೆ ತಾಳ ಕೊಡುವ ಭಾಗ) ಹಾಕಿದರೆ 20. ರಿಸೆಟ್ ಪಿನ್ನನ್ನೂ ಕೀಗೆ ಬಳಸಲು ಫ್ಯೂಸ್ (ಚಿಪ್ಪಿನೊಳಗಿನ ಸೆಟ್ಟಿಂಗ್) ಬದಲಾಯಿಸಬೇಡಿ. ಆಮೇಲೆ ಮಾಮೂಲಿ ಪ್ರೋಗ್ರಾಮರ್ (ಚಿಪ್ಪಿಗೆ ಕೋಡ್ ತುಂಬುವ ಸಾಧನ) ಆ ಚಿಪ್ಪನ್ನು ಮುಟ್ಟಲಾರದು, 12 ವೋಲ್ಟಿನ ವಿಶೇಷ ಪ್ರೋಗ್ರಾಮರ್ ಹುಡುಕಬೇಕಾಗುತ್ತದೆ. ನ್ಯಾನೋ ಬೋರ್ಡಿನಲ್ಲೇ ಪ್ರಯೋಗ ಮಾಡುವವರಿಗೆ ಇನ್ನೆರಡು ಎಚ್ಚರಿಕೆ: ಎ6, ಎ7 ಪಿನ್‌ಗಳು ಅನಲಾಗ್ ಓದಲು ಮಾತ್ರ. 13ನೇ ಪಿನ್ನಿಗೆ ಎಲ್‌ಇಡಿ ಕಟ್ಟಿರುವುದರಿಂದ ಅಲ್ಲಿ ಪುಲ್-ಅಪ್ ಹಾಕಿದರೂ ವೋಲ್ಟೇಜ್ ಪೂರ್ತಿ ಮೇಲೇರುವುದಿಲ್ಲ, ಆ ಸಾಲಿನ ಕೀಗಳು ಸದಾ ಒತ್ತಿದಂತೆ ತೋರಬಹುದು.

ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಸಲಕ್ಕೆ ಒಂದೇ ಕೀ ಒತ್ತುವುದರಿಂದ ಕೀಗಳು ಒಂದಕ್ಕೊಂದು ಗೊಂದಲವಾಗದಂತೆ ಹಾಕುವ ಡಯೋಡ್ ಬೇಕಿಲ್ಲ. ಶಿಫ್ಟ್ ಕೀಯನ್ನು ಹಿಡಿದುಕೊಳ್ಳುವ ಬದಲು ಮೊದಲು ಒತ್ತಿ ಬಿಡುವ ಕ್ರಮ ಇಟ್ಟುಕೊಳ್ಳಿ. ಕೀ ಅದುರುವಿಕೆಗೆ 10 ಮಿಲಿಸೆಕೆಂಡ್ ಕಾದರೆ ಒಳ್ಳೆಯ ಸ್ವಿಚ್ಚಿಗೆ ಸಾಕು, ಅಗ್ಗದ ಸ್ವಿಚ್ಚಿಗೆ 20 ಇಡಿ. 5 ಒತ್ತಿದರೆ 55 ಬೀಳುತ್ತಿದೆ ಎಂದರೆ ಇದೇ ಕಾರಣ.

ಚಿಪ್ಪನ್ನು ಎಬ್ಬಿಸುವ ಕ್ರಮ ಹೀಗೆ: ನಿದ್ದೆಗೆ ಹೋಗುವ ಮುಂಚೆ ಅಡ್ಡಸಾಲಿನ ಪಿನ್‌ಗಳನ್ನೆಲ್ಲ ಸೊನ್ನೆಗೆ ಇಳಿಸಿ, ಕಂಬಸಾಲಿಗೆ ಪುಲ್-ಅಪ್ ಹಾಕಿ, ಆ ಪಿನ್‌ಗಳ ಮೇಲೆ ಪಿನ್-ಚೇಂಜ್ ಇಂಟರಪ್ಟ್ (ಪಿನ್ ಬದಲಾದರೆ ಚಿಪ್ಪನ್ನು ಎಬ್ಬಿಸುವ ಸೂಚನೆ) ಚಾಲೂ ಮಾಡಿ ಮಲಗಿಸಿ. ಯಾವ ಕೀ ಒತ್ತಿದರೂ ಚಿಪ್ ಏಳುತ್ತದೆ, ಎದ್ದ ಮೇಲೆ ಒಂದೊಂದೇ ಸಾಲು ಸ್ಕ್ಯಾನ್ ಮಾಡಿ ಯಾವ ಕೀ ಎಂದು ತಿಳಿದುಕೊಳ್ಳಿ.

ಕರೆಂಟ್ ಉಳಿಸಲೆಂದು ಇಲ್ಲಿ 1 ಮೆಗಾಓಮ್ ಪುಲ್-ಅಪ್ ಹಾಕುವವರಿದ್ದಾರೆ. ಒಣ ಊರಿನಲ್ಲಿ ನಡೆಯುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಮಳೆಗಾಲದಲ್ಲಿ ಬೋರ್ಡಿನ ಮೇಲೆ ಉಪ್ಪು ಮತ್ತು ತೇವ ಸೇರಿ ಎರಡು ಗೆರೆಗಳ ನಡುವೆ ತೆಳು ದಾರಿ ಮಾಡುತ್ತವೆ. ಆ ಸೋರಿಕೆಯೂ 1 ಮೆಗಾಓಮ್ ಎಂದುಕೊಳ್ಳಿ: ಪಿನ್ನಿನ ವೋಲ್ಟೇಜ್ ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುತ್ತದೆ, ಯಾರೂ ಮುಟ್ಟದ ಕೀಗಳು ಒತ್ತಿದಂತೆ ಕಾಣುತ್ತವೆ. ಚಿಪ್ಪಿನೊಳಗಿನ ಪುಲ್-ಅಪ್ ಎವಿಆರ್‌ನಲ್ಲಿ 20ರಿಂದ 50 ಕಿಲೋಓಮ್, ಎಸ್‌ಟಿಎಂ32ರಲ್ಲಿ 40ರ ಸುತ್ತ, ಆರ್‌ಪಿ2040ರಲ್ಲಿ 50ರಿಂದ 80. 40 ಕಿಲೋಓಮ್ ಇದ್ದಾಗ ಅದೇ ಸೋರಿಕೆಯಲ್ಲಿ ವೋಲ್ಟೇಜ್ ಶೇ. 96ರಷ್ಟು ಮೇಲೇ ಇರುತ್ತದೆ. ಅಷ್ಟಕ್ಕೂ ಪುಲ್-ಅಪ್‌ನಲ್ಲಿ ಕರೆಂಟ್ ಹರಿಯುವುದು ಕೀ ಒತ್ತಿದ್ದಾಗ ಮಾತ್ರ, 3 ವೋಲ್ಟಿನಲ್ಲಿ 75 ಮೈಕ್ರೋಆಂಪಿಯರ್. ಉಳಿಸುವಂಥದ್ದು ಅಲ್ಲಿ ಏನೂ ಇಲ್ಲ. ಚೀಲದಲ್ಲಿ ಯಾವುದೋ ವಸ್ತು ಕೀ ಮೇಲೆ ಕೂತು ದಿನವಿಡೀ ಒತ್ತಿಕೊಂಡಿರಬಹುದೆಂಬ ಭಯ ಇದ್ದರೆ, ಒಂದು ನಿಮಿಷ ಬಿಡದೆ ಒತ್ತಿದ ಕೀಯ ಸಾಲಿನ ಪುಲ್-ಅಪ್ ತೆಗೆದು ಮಲಗುವಂತೆ ಪ್ರೋಗ್ರಾಂ ಬರೆಯಿರಿ.

2024ರಲ್ಲಿ ಬಂದ ಪಿಕೋ 2ರ ಆರ್‌ಪಿ2350 ಚಿಪ್ಪಿಗೆ ಇದೇ ಜಾಗದಲ್ಲಿ ಒಂದು ಹೆಸರಾಂತ ದೋಷ ಇದೆ, ಇ9 ಎಂದು ಅದರ ದೋಷಪಟ್ಟಿಯಲ್ಲಿ ನಮೂದಾಗಿದೆ. ಮೊದಲ ತಂಡದ ಎ2 ಚಿಪ್ಪುಗಳಲ್ಲಿ ಒಳಗಿನ ಪುಲ್-ಡೌನ್ (ಪಿನ್ನನ್ನು ಸೊನ್ನೆಗೆ ಎಳೆಯುವ ರೆಸಿಸ್ಟರ್) ಹಾಕಿದ ಇನ್‌ಪುಟ್ ಪಿನ್ ಒಮ್ಮೆ ಮೇಲೆ ಹೋದರೆ ಪೂರ್ತಿ ಕೆಳಗಿಳಿಯದೆ 2.2 ವೋಲ್ಟ್ ಸುಮಾರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪುಲ್-ಡೌನ್ ಆಧಾರದ ಕೀಪ್ಯಾಡ್ ಪ್ರೋಗ್ರಾಮುಗಳು ಇಲ್ಲಿ ಎಡವುತ್ತವೆ. ಪುಲ್-ಅಪ್ ಇಟ್ಟು ಕೀ ಒತ್ತಿದರೆ ಸೊನ್ನೆ ಎಂಬ ಕ್ರಮದಲ್ಲಿ ಕಟ್ಟಿದರೆ ತೊಂದರೆಯಿಲ್ಲ. ಎ4 ಚಿಪ್ಪುಗಳಲ್ಲಿ ಇದನ್ನು ಸರಿಪಡಿಸಿದ್ದಾರೆ.

ಅಡಿಕೆ ಲೆಕ್ಕ ತಪ್ಪಬಾರದು

ಎಟಿಮೆಗಾ328ಪಿಗೆ ಆರ್ಡುಯಿನೋದಲ್ಲಿ ಬರೆಯುವಾಗ ಡಬಲ್ (ಹೆಚ್ಚು ನಿಖರವಾದ ದಶಮಾಂಶ ಸಂಖ್ಯೆ) ಎಂದು ಘೋಷಿಸಿದರೂ ಸಿಗುವುದು 32 ಬಿಟ್ಟಿನ ಫ್ಲೋಟ್. ಅದರ ನಿಖರತೆ ಏಳಂಕಿ. 10,00,000.10 ಎಂದು ಹಾಕಿದರೆ ಒಳಗೆ 10,00,000.125 ಆಗಿ ಕೂರುತ್ತದೆ. 1,67,77,217 ಎಂಬ ಪೂರ್ಣಾಂಕವನ್ನಂತೂ ಅದು ಹಿಡಿಯಲಾರದು, 1,67,77,216 ಆಗಿಬಿಡುತ್ತದೆ. ತ್ರಿಕೋನಮಿತಿಯ ಆಟಕ್ಕೆ ಇದು ನಡೆದೀತು. ಅಡಿಕೆ ವ್ಯಾಪಾರದ ಪಟ್ಟಿಗೆ ನಡೆಯದು.

ಹಣದ ಲೆಕ್ಕವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ, ಪೂರ್ಣಾಂಕವಾಗಿಯೇ ಮಾಡಿ. ಉದಾಹರಣೆಗೆ ರಾಶಿ ಅಡಿಕೆ 3 ಕ್ವಿಂಟಲ್ 47 ಕಿಲೋ 650 ಗ್ರಾಂ, ಕ್ವಿಂಟಲ್‌ಗೆ 48,299 ರೂಪಾಯಿ ಎಂದುಕೊಳ್ಳಿ. ತೂಕ 3,47,650 ಗ್ರಾಂ, ದರ 48,29,900 ಪೈಸೆ. ಎರಡನ್ನೂ ಗುಣಿಸಿ 1,00,000ದಿಂದ ಭಾಗಿಸಿದರೆ 1,67,91,147 ಪೈಸೆ, ಶೇಷ 35,000. ಅಂದರೆ 1,67,911 ರೂಪಾಯಿ 47 ಪೈಸೆ. ನಡುವಿನ ಗುಣಲಬ್ಧ ಸುಮಾರು 1.68 ಲಕ್ಷ ಕೋಟಿ ಆಗುತ್ತದೆ ಎಂಬುದನ್ನು ಗಮನಿಸಿ. 32 ಬಿಟ್ಟಿನ ಪೂರ್ಣಾಂಕ 429 ಕೋಟಿಗೇ ತುಂಬಿ ಸುತ್ತಿಬಿಡುತ್ತದೆ, ಉತ್ತರ ಏನೇನೋ ಬರುತ್ತದೆ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಆದ್ದರಿಂದ 64 ಬಿಟ್ ಬೇಕು. ಎಂಟು ಬಿಟ್ಟಿನ ಎವಿಆರ್ ಅದನ್ನೂ ಮಾಡುತ್ತದೆ. ನಿಧಾನವಾಗಿ, ಆದರೆ ಸರಿಯಾಗಿ. ಕೊನೆಗೆ ತೋರಿಸುವಾಗ ಅಲ್ಪವಿರಾಮವನ್ನು ಲಕ್ಷ, ಕೋಟಿಯ ಜಾಗದಲ್ಲಿ ಹಾಕುವ ಚಿಕ್ಕ ಫಂಕ್ಷನ್ ನೀವೇ ಬರೆದುಕೊಳ್ಳಬೇಕು: ಬಲದಿಂದ ಮೊದಲು ಮೂರಂಕಿ, ಆಮೇಲೆ ಎರಡೆರಡು.

ಪಹಣಿಯ ಎಕರೆ-ಗುಂಟೆ-ಆಣೆ ಕೂಡಿಸುವ ಕೀ ಇಟ್ಟರೆ ಮನೆಯಲ್ಲಿ ಆ ಕ್ಯಾಲ್ಕ್ಯುಲೇಟರಿಗೆ ಬೆಲೆ ಹೆಚ್ಚು. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ, ಹಾಗಾಗಿ ಎಕರೆಗೆ 640 ಆಣೆ. ಒಳಗೆ ಎಲ್ಲವನ್ನೂ ಆಣೆಯಲ್ಲೇ ಇಟ್ಟುಕೊಳ್ಳಿ. 2-17-9 ಅಂದರೆ 1561 ಆಣೆ, 1-31-12 ಅಂದರೆ 1148. ಕೂಡಿದರೆ 2709. ಇದನ್ನು 640ರಿಂದ ಭಾಗಿಸಿದರೆ 4 ಎಕರೆ, ಉಳಿದ 149ನ್ನು 16ರಿಂದ ಭಾಗಿಸಿದರೆ 9 ಗುಂಟೆ 5 ಆಣೆ. ಇದಕ್ಕೆ ದೊಡ್ಡ ಚಿಪ್ ಯಾಕೆ ಬೇಕು?

ವೈಜ್ಞಾನಿಕ ಕ್ಯಾಲ್ಕ್ಯುಲೇಟರಿಗೆ ಹತ್ತಂಕಿ ನಿಖರತೆ ಬೇಕಾದಾಗ ಎರಡು ದಾರಿ. ಒಂದು ಹಳೆಯದು: ಪ್ರತಿ ದಶಮಾನ ಅಂಕೆಗೂ ನಾಲ್ಕು ಬಿಟ್ ಕೊಡುವ ಬಿಸಿಡಿ. 1972ರ ಎಚ್‌ಪಿ-35 ಇದನ್ನೇ ಮಾಡಿತು. ಚಿಹ್ನೆಗೆ ಒಂದು, ಸಂಖ್ಯೆಗೆ ಹತ್ತು, ಘಾತಕ್ಕೆ ಮೂರು ಎಂದು 14 ನಿಬಲ್ (ಅರ್ಧ ಬೈಟ್), ಅಂದರೆ ಒಂದು ಸಂಖ್ಯೆಗೆ 7 ಬೈಟ್. ನೂರು ಮೆಮೊರಿ ಇಟ್ಟರೂ 700 ಬೈಟ್, 328ಪಿಯ ರ‍್ಯಾಮಿನಲ್ಲೇ ಹಿಡಿಯುತ್ತದೆ. ಸೈನ್, ಕಾಸ್, ಟ್ಯಾನ್‌ಗೆ ಜ್ಯಾಕ್ ವೋಲ್ಡರ್ 1959ರಲ್ಲಿ ಪ್ರಕಟಿಸಿದ ಕಾರ್ಡಿಕ್ ವಿಧಾನದ ದಶಮಾನ ರೂಪ ಸಾಕು: ಕೂಡುವುದು, ಕಳೆಯುವುದು, ಅಂಕೆ ಸರಿಸುವುದು ಇಷ್ಟೇ ಕೆಲಸ, ಜೊತೆಗೆ ಒಂದು ಚಿಕ್ಕ ಕೋಷ್ಟಕ. ಕಲಿಯಬೇಕೆಂದು ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಇನ್ನೊಂದು ದಾರಿ ಸಿದ್ಧ ದಶಮಾಂಶ ಲೈಬ್ರರಿ. ಸ್ವಿಸ್‌ಮೈಕ್ರೋಸ್‌ನ ಡಿಎಂ42 ಕ್ಯಾಲ್ಕ್ಯುಲೇಟರ್ ಹೀಗೆ 34 ಅಂಕೆಯವರೆಗೆ ಲೆಕ್ಕ ಮಾಡುತ್ತದೆ. ಅದರೊಳಗಿರುವುದು ಎಸ್‌ಟಿಎಂ32ಎಲ್476: 1 ಮೆಗಾಬೈಟ್ ಫ್ಲ್ಯಾಶ್, 128 ಕಿಲೋಬೈಟ್ ರ‍್ಯಾಮ್, ರ‍್ಯಾಮ್ ಉಳಿಸಿಕೊಂಡು ಮಲಗುವ ಸ್ಟಾಪ್ 2 ಸ್ಥಿತಿಯಲ್ಲಿ ಒಂದು ಮೈಕ್ರೋಆಂಪಿಯರಿಗಿಂತ ತುಸು ಹೆಚ್ಚು. ಶಾರ್ಪ್‌ನ 400×240 ಮೆಮೊರಿ ಎಲ್‌ಸಿಡಿ ಜೊತೆ ಒಂದೇ ಬಟನ್ ಸೆಲ್ಲಿನಲ್ಲಿ ನಡೆಯುತ್ತದೆ. ಯುಎಸ್‌ಬಿ ಸಿಕ್ಕಾಗ ವೇಗ ಹೆಚ್ಚು, ಸೆಲ್ಲಿನಲ್ಲಿ ಕಡಿಮೆ. ವ್ಯಾಪಾರಕ್ಕೆಂದು ಕ್ಯಾಲ್ಕ್ಯುಲೇಟರ್ ಮಾಡುವವರೇ ಈ ಕುಲದ ಚಿಪ್ ಹಿಡಿದದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಕಟ್ಟುವವರು ನೂರು ಕಾಲಿನ ಚಿಪ್ಪಿಗೆ ಕೈ ಹಾಕದೆ ನ್ಯೂಕ್ಲಿಯೋ-ಎಲ್476ಆರ್‌ಜಿ ಬೋರ್ಡಿನಲ್ಲಿ ಶುರು ಮಾಡಲಿ. ಪ್ರೋಗ್ರಾಮರ್ ಅದರಲ್ಲೇ ಇದೆ.

ಬ್ಲೂ ಪಿಲ್ ಎಂದು ಅಗ್ಗಕ್ಕೆ ಸಿಗುವ ಎಸ್‌ಟಿಎಂ32ಎಫ್103 ಬೋರ್ಡಿನಲ್ಲಿ 64 ಕಿಲೋಬೈಟ್ ಫ್ಲ್ಯಾಶ್, 20 ಕಿಲೋಬೈಟ್ ರ‍್ಯಾಮ್. ಲೆಕ್ಕಕ್ಕೆ ಧಾರಾಳ. ಆದರೆ ನಕಲಿ ಚಿಪ್ ಬಹಳ. ಓಪನ್‌ಓಸಿಡಿ ಎಂಬ ಸಾಫ್ಟ್‌ವೇರ್ ಗುರುತು ಸಂಖ್ಯೆ 1ಬಿಎ01477 ಎಂದು ತೋರಿಸಬೇಕು. 2ಬಿಎ01477 ಬಂದರೆ ಅದು ಬೇರೆ ಕಂಪನಿಯ ಮಾಲು. ಕೆಲಸ ಮಾಡಬಹುದು, ನಿದ್ದೆಯ ಕರೆಂಟ್ ಮಾತ್ರ ಡೇಟಾಶೀಟಿನಂತೆ ಇರುತ್ತದೆ ಎಂದು ನಂಬಬೇಡಿ.

ಹಾಗಾದರೆ ಯಾವುದು

ಅಂಗಡಿ, ತೋಟ, ಮನೆಯ ಲೆಕ್ಕಕ್ಕೆ, ಮೊದಲ ಸಲ ಕಟ್ಟುವವರಿಗೆ: ಡಿಪ್ ರೂಪದ ಎಟಿಮೆಗಾ328ಪಿ, ನೋಕಿಯಾ ಎಲ್‌ಸಿಡಿ, ಎರಡು ಎಎಎ ಸೆಲ್. ಕನ್ನಡ ಅಂಕೆ ಬೇಕೆಂದರೆ 128×64 ಎಲ್‌ಸಿಡಿ. ರ‍್ಯಾಮ್ ಸಾಲದಾದರೆ ಅದೇ ಕೋಡನ್ನು 40 ಕಾಲಿನ ಎಟಿಮೆಗಾ1284ಪಿಗೆ ಒಯ್ಯಿರಿ: 128 ಕಿಲೋಬೈಟ್ ಫ್ಲ್ಯಾಶ್, 16 ಕಿಲೋಬೈಟ್ ರ‍್ಯಾಮ್, 32 ಪಿನ್. ಗಾಜಿನ ಎಲ್‌ಸಿಡಿ ಮೋಹ ಇದ್ದವರಿಗೆ ಎಂಎಸ್‌ಪಿ430ಎಫ್‌ಆರ್4133. ಅದರ ಎಫ್‌ರ‍್ಯಾಮ್‌ಗೆ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಪ್ರತಿ ಕೀಗೂ ಬರೆದರೂ ಸವೆಯುವ ಚಿಂತೆ ಇಲ್ಲ, ಎವಿಆರ್‌ನ ಇಇಪ್ರಾಮಿಗಾದರೆ ಒಂದು ಲಕ್ಷ ಬರವಣಿಗೆಯ ಮಿತಿ ಇದೆ, ಆರಿಸುವಾಗ ಮಾತ್ರ ಬರೆಯಬೇಕು. ವೈಜ್ಞಾನಿಕ, ಪ್ರೋಗ್ರಾಂ ಮಾಡಬಲ್ಲ ಯಂತ್ರಕ್ಕೆ ಎಸ್‌ಟಿಎಂ32ಎಲ್476. ಗ್ರಾಫ್ ಬಿಡಿಸುವ, ಮೇಜಿನ ಮೇಲೆ ಯುಎಸ್‌ಬಿಗೆ ಕಟ್ಟಿಕೊಂಡಿರುವ ಯಂತ್ರಕ್ಕೆ ಪಿಕೋ ಅಥವಾ ಪಿಕೋ 2.

328ಪಿ ಆರಿಸಿದವರು ತರಬೇಕಾದದ್ದು: ಚಿಪ್ 2 (ಒಂದು ಹಾಳಾದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಕೊರಿಯರ್ ಬರುವವರೆಗೆ ಕಾಯಬೇಕಾಗುತ್ತದೆ), 28 ಕಾಲಿನ ಐಸಿ ಸಾಕೆಟ್ 1, ಟ್ಯಾಕ್ಟ್ ಸ್ವಿಚ್ (ಒತ್ತುವ ಪುಟ್ಟ ಕೀ) 35 ಬೇಕಾದಲ್ಲಿ 40, 100 ನ್ಯಾನೋಫ್ಯಾರಡ್ ಕೆಪಾಸಿಟರ್ 3, 10 ಮೈಕ್ರೋಫ್ಯಾರಡ್ 1, ರಿಸೆಟ್‌ಗೆ 10 ಕಿಲೋಓಮ್ 1, ಎಎಎ ಹೋಲ್ಡರ್ 1, ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ 1. ಪ್ರೋಗ್ರಾಮರಿನ ಜಂಪರ್ 3.3 ವೋಲ್ಟಿನಲ್ಲಿರಲಿ. ಕೆಲವು ಅಗ್ಗದವುಗಳಲ್ಲಿ ಜಂಪರ್ ಬದಲಿಸಿದರೂ ಸಿಗ್ನಲ್ 5 ವೋಲ್ಟೇ ಬರುತ್ತದೆ, ಎಲ್‌ಸಿಡಿ ತೆಗೆದು ಪ್ರೋಗ್ರಾಂ ಹಾಕಿ. 100 ನ್ಯಾನೋಫ್ಯಾರಡ್ ಕೆಪಾಸಿಟರ್ ಚಿಪ್ಪಿನ 7 ಮತ್ತು 8ನೇ ಕಾಲಿಗೆ ಅಂಟಿಕೊಂಡಂತೆ ಇರಬೇಕು. 20 ಮತ್ತು 22ನೇ ಕಾಲನ್ನೂ ಪವರ್ ಮತ್ತು ಗ್ರೌಂಡಿಗೆ ಕಟ್ಟಲು ಮರೆಯಬೇಡಿ.

ಹೊಸ ಚಿಪ್ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿ 1ರಲ್ಲಿ ಓಡುತ್ತಿರುತ್ತದೆ, ಲೋ ಫ್ಯೂಸ್ ಮೌಲ್ಯ 62 (ಹದಿನಾರರ ಆಧಾರದ ಹೆಕ್ಸ್ ಸಂಖ್ಯೆ). ಅದನ್ನು ಇ2 ಮಾಡಿದರೆ ಪೂರ್ತಿ 8. ಸೆಲ್ಲನ್ನು ಕೊನೆಯವರೆಗೆ ಹಿಂಡಬೇಕಾದರೆ ಪ್ರೋಗ್ರಾಮಿನಲ್ಲೇ ಅದನ್ನು 4ಕ್ಕೆ ಇಳಿಸಿ. ಊನೋ ಬೋರ್ಡಿನಿಂದ ಕಿತ್ತ ಚಿಪ್ಪಾದರೆ ಅದು 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇಲ್ಲದೆ ಏಳುವುದಿಲ್ಲ. ಸತ್ತಿತೆಂದು ಎಸೆಯಬೇಡಿ, 9 ಮತ್ತು 10ನೇ ಕಾಲಿಗೆ ಕ್ರಿಸ್ಟಲ್ ತಾತ್ಕಾಲಿಕವಾಗಿ ಹಾಕಿ ಫ್ಯೂಸ್ ಬದಲಿಸಿ. ಪರದೆಯ ಮೇಲಿನ ಸಂದೇಶಗಳನ್ನು ಫ್ಲ್ಯಾಶ್‌ನಲ್ಲೇ ಇಡುವಂತೆ ಪ್ರೋಗ್‌ಮೆಮ್ ಎಂದು ಗುರುತಿಸಿ. ಇಲ್ಲವಾದರೆ ಅವೆಲ್ಲ ಚಾಲೂ ಆದ ಕೂಡಲೇ ರ‍್ಯಾಮಿಗೆ ನಕಲಾಗಿ ಜಾಗ ತಿನ್ನುತ್ತವೆ. ಲೆಕ್ಕ ಮಾಡುತ್ತ ಮಾಡುತ್ತ ಪರದೆಯಲ್ಲಿ ಕಸ ಮೂಡಿದರೆ ರ‍್ಯಾಮ್ ತುಂಬಿದೆ ಎಂದೇ ತಿಳಿಯಿರಿ.

ಸೋಲ್ಡರಿಂಗ್ ಮುಗಿದ ಮೇಲೆ ಫ್ಲಕ್ಸ್ ಜಿಡ್ಡನ್ನು ಐಪಿಎ ಮತ್ತು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ತೊಳೆಯಿರಿ. ತೊಳೆಯಬೇಕಿಲ್ಲ ಎಂದು ಡಬ್ಬಿಯ ಮೇಲೆ ಬರೆದ ಫ್ಲಕ್ಸ್ ಕೂಡ ಇಲ್ಲಿನ ತೇವ ಹೀರಿ ಸೋರಿಕೆ ಮಾಡುತ್ತದೆ. 32.768 ಕಿಲೋಹರ್ಟ್ಸ್ ಗಡಿಯಾರದ ಕ್ರಿಸ್ಟಲ್ ಇದ್ದರೆ ಅದರ ಸುತ್ತ ಎರಡು ಸಲ ತೊಳೆಯಿರಿ, ಮಳೆಗಾಲದಲ್ಲಿ ಮೊದಲು ನಿಲ್ಲುವುದು ಅದೇ. ಒಂದು ದಿನ ಒಣಗಿಸಿ, ಸ್ವಿಚ್, ಸಾಕೆಟ್, ಸೆಲ್ ಹೋಲ್ಡರ್ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಉಳಿದ ಭಾಗಕ್ಕೆ ಅಕ್ರಿಲಿಕ್ ಕೋಟಿಂಗ್ ಸ್ಪ್ರೇಯನ್ನು ತೆಳುವಾಗಿ ಎರಡು ಪದರ ಹೊಡೆಯಿರಿ. ಸ್ಪ್ರೇ ಸ್ವಿಚ್ಚಿನೊಳಗೆ ಇಳಿದರೆ ಆ ಕೀ ಮತ್ತೆ ಸರಿಯಾಗುವುದು ಕಷ್ಟ. ಸೆಲ್ ಹೋಲ್ಡರಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದರೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಉಜ್ಜಿ, ನೀರಿನಲ್ಲಿ ಒರೆಸಿ, ಐಪಿಎಯಿಂದ ಒಣಗಿಸಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.